ಶಿಕಾರಿಯವರ ದುರ್ಬೀನು

ಹುಕ್ಕೇರಿಯಲ್ಲಿ ನಮ್ಮ ಸೋದರಮಾವನ ಮನೆಯ ಪಡಸಾಲೆಯ ಗೂಟಕ್ಕೆ ಒಂದು ಚರ್ಮದ ಚೀಲ ತೂಗುತ್ತಿರುತ್ತದೆ. ಅದರೊಳಗೆ ಜರ್ಮನಿಯ ಹಳೆಯ ದುರ್ಬೀನು. ಮೈಮೇಲೆ 7×50 ಎಂದು ಕೆತ್ತಿದೆ. ಮಾವನ ತಂದೆಯವರಿಗೆ ಶಿಕಾರಿಯ ಹುಚ್ಚು ಬಹಳ. ಅವರ ಬಂದೂಕು ಎಂದೋ ಮನೆ ಬಿಟ್ಟಿತು. ದುರ್ಬೀನು ಮಾತ್ರ ಉಳಿಯಿತು.

ನನಗೂ ಒಂದು ಬೇಕೆನಿಸಿ, ಪೇಟೆಯ ಅಂಗಡಿಯೊಂದರಲ್ಲಿ 20×50 ಕೊಂಡೆ. ಇಪ್ಪತ್ತು ಎಂಬುದು ಏಳಕ್ಕಿಂತ ದೊಡ್ಡದಲ್ಲವೆ? ಚಳಿಗಾಲದ ಒಂದು ನಸುಕಿನಲ್ಲಿ ಮಾವನೊಡನೆ ಗೋಕಾಕದ ಹತ್ತಿರದ ಧೂಪದಾಳದ ಹಿನ್ನೀರಿಗೆ ಹೋಗಿ ಅದನ್ನು ಕಣ್ಣಿಗೇರಿಸಿದರೆ ಕಂಡದ್ದು ಕಪ್ಪನೆಯ ನಡುಗುವ ನೀರು. ಮಾವ ನಕ್ಕರು: “ತಮ್ಮಾ, ಹಕ್ಕಿ ಇಪ್ಪತ್ತು ಪಟ್ಟು ಆದ್ರ ನಿನ್ನ ಕೈ ನಡುಕಾನೂ ಇಪ್ಪತ್ತು ಪಟ್ಟು ಆಗ್ತದೋ!” ಹಳೆಯ ದುರ್ಬೀನನ್ನು ಕೈಗಿತ್ತರು. ನಿಂತ ಹಕ್ಕಿಗಳ ಕಾಲುಗಳೂ ಕಂಡವು.

ಲೆಕ್ಕ ಸರಳವಾದುದು. ಮೊದಲಿನ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆಂಬುದನ್ನು ಹೇಳಿದರೆ, ಎರಡನೆಯದು ಮುಂದಿನ ಗಾಜಿನ ಅಗಲವನ್ನು ಮಿಲಿಮೀಟರುಗಳಲ್ಲಿ ಹೇಳುತ್ತದೆ. ಎರಡನೆಯದನ್ನು ಮೊದಲಿನದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. ನನ್ನದರಲ್ಲಿ ಎರಡೂವರೆ ಮಿಲಿಮೀಟರು, ಮಾವನದರಲ್ಲಿ ಏಳು. ಕತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ ಹಿಗ್ಗುವುದೂ ಸುಮಾರು ಅಷ್ಟೇ. ಶಿಕಾರಿ ನಡೆಯುತ್ತಿದ್ದುದು ನಸುಕು ಮುಸ್ಸಂಜೆಗಳಲ್ಲಿ. ಆದ್ದರಿಂದ ಅವರು ಬೆಳಕನ್ನು ಕೊಂಡರು, ನಾನು ಅಂಕಿಯನ್ನು ಕೊಂಡೆ. ಐವತ್ತು ದಾಟಿದವರ ಪಾಪೆ ಐದರ ಆಸುಪಾಸಿಗೆ ಇಳಿದಿರುವುದರಿಂದ ಅಂಥವರಿಗೆ 8×40 ಧಾರಾಳವಾಗಿ ಸಾಕು. ಕತ್ತಿನ ಭಾರವೂ ಕಡಮೆ.

ನಮ್ಮ ಸೀಮೆಯ ಬೇಟೆಗೆ ಮೊದಲು ಗಾಜಿನ ಹಂಗೇ ಇರಲಿಲ್ಲ. ಮೂಡಲಗಿಯ ಕಡೆಯ ಬಯಲು ಎರೆಹೊಲಗಳಲ್ಲಿ ಮೊಲವನ್ನು ಹುಡುಕುತ್ತಿದ್ದುದು ಬೇಟೆನಾಯಿಯ ಕಣ್ಣು. ನೆರೆಯ ಮುಧೋಳದ ತಳಿ ವಾಸನೆಗಿಂತ ನೋಟವನ್ನೇ ನೆಚ್ಚಿ ಓಡುವಂಥದು. ಅಲ್ಲಿಯ ರಾಜಾ ಮಾಲೋಜಿರಾವ ಘೋರ್ಪಡೆಯವರು ಐದನೆಯ ಜಾರ್ಜ್ ದೊರೆಗೆ ಅದರ ಮರಿಗಳನ್ನು ಕಾಣಿಕೆ ಕೊಟ್ಟ ಸಂಗತಿ ಪ್ರಸಿದ್ಧವೇ ಆಗಿದೆ.

ಪಟ್ಟಕಗಳನ್ನು ಬಳಸಿ ಬಿಂಬವನ್ನು ನೆಟ್ಟಗೆ ನಿಲ್ಲಿಸುವ ಉಪಾಯಕ್ಕೆ ಇಟಲಿಯ ಪೊರೋ 1854ರಲ್ಲಿ ಪೇಟೆಂಟು ಪಡೆದಿದ್ದ. ಒಳ್ಳೆಯ ಗಾಜಿಲ್ಲದೆ ಅದು ಸೊರಗಿತು. 1894ರಲ್ಲಿ ಜರ್ಮನಿಯ ಯೇನಾ ನಗರದ ತ್ಸೈಸ್ ಕಾರಖಾನೆಯು ಆಬೆಯ ವಿನ್ಯಾಸದಂತೆ ದುರ್ಬೀನು ಮಾರತೊಡಗಿದ ಮೇಲೆ ಲೋಕವೆಲ್ಲ ಜರ್ಮನ್ ಗಾಜಿಗೆ ಮುಗಿಬಿತ್ತು. 1914ರಲ್ಲಿ ಅದೇ ಜರ್ಮನಿಯ ಮೇಲೆ ಯುದ್ಧ ಹೂಡಿದ ಬ್ರಿಟಿಷರಿಗೆ ದುರ್ಬೀನುಗಳೇ ಸಾಲದೆ, ಮುದಿ ಸೇನಾಪತಿ ಲಾರ್ಡ್ ರಾಬರ್ಟ್ಸರು ಮನೆಮನೆಯವರನ್ನು ಎರವಲು ಬೇಡಬೇಕಾಯಿತು!

ಮಾವನ ದುರ್ಬೀನಿಗೂ ಒಂದು ಕೊರತೆಯುಂಟು. ಬರಿಯ ಗಾಜಿನ ಒಂದೊಂದು ಮೈಯೂ ನೂರಕ್ಕೆ ನಾಲ್ಕರಷ್ಟು ಬೆಳಕನ್ನು ಹಿಂದಕ್ಕೆ ಒಗೆಯುತ್ತದೆ. ಅಂಥ ಮೈಗಳು ಹತ್ತಾದರೆ ಮೂರರಲ್ಲಿ ಒಂದು ಪಾಲು ನಷ್ಟ. ಇದನ್ನು ತಡೆಯುವ ಲೇಪವನ್ನು ತ್ಸೈಸ್‌ನ ಸ್ಮಾಕುಲಾ ಕಂಡುಹಿಡಿದದ್ದು 1935ರಲ್ಲಿ. ಈಗ ಕೊಳ್ಳುವವರು ಎಲ್ಲ ಗಾಜುಗಳಿಗೂ ಲೇಪವಿದೆಯೇ ಎಂದು ಕೇಳಲೇಬೇಕು. ದುರ್ಬೀನನ್ನು ಬೆಳಕಿಗೆ ಎದುರಾಗಿ ತೋಳಿನಷ್ಟು ದೂರ ಹಿಡಿದಾಗ ಬಿಲ್ಲೆ ದುಂಡಗಿರಬೇಕು. ಅಂಚು ಚೌಕವಾಗಿ ಕತ್ತರಿಸಿದಂತಿದ್ದರೆ ಒಳಗಿನ ಪಟ್ಟಕ ಅಗ್ಗದ್ದು. ಹಳೆಯದಾದರೆ ದೀಪಕ್ಕೆ ಹಿಡಿದು ಒಳಗೆ ಬೂಷ್ಟು ಹಿಡಿದಿದೆಯೇ ಎಂದೂ ನೋಡಬೇಕು. ಮಳೆಗಾಲ ಮುಗಿದಾಗಲೆಲ್ಲ ಮಾವನಿಗೆ ಇದೇ ದಿಗಿಲು.

1972ರ ವನ್ಯಜೀವಿ ಕಾಯಿದೆ ಬಂದೂಕಿಗೆ ಬೀಗ ಹಾಕಿತು. 1974ರಲ್ಲಿ ಧೂಪದಾಳದ ನೀರಿನ ಸುತ್ತಣ ಪ್ರದೇಶ ಘಟಪ್ರಭಾ ಪಕ್ಷಿಧಾಮವಾಯಿತು. ಹಿಂದಿನವರು ಗುಂಡು ಹಾರಿಸುತ್ತಿದ್ದ ದಡದಲ್ಲಿಯೇ, ಚಳಿಗಾಲಕ್ಕೆ ಬರುವ ಬಿಳಿ ಕೊಕ್ಕರೆಗಳನ್ನೂ ಕ್ರೌಂಚಗಳನ್ನೂ ಕಾಣಲು ಈಗ ಜನ ದುರ್ಬೀನು ಹಿಡಿದು ಬರುತ್ತಾರೆ.

ಚರ್ಮದ ಚೀಲದ ಕಿಸೆಯಲ್ಲಿ ಒಂದು ಸಣ್ಣ ಚೋಪಡಿಯೂ ಇದೆ. ಮಾವನ ತಂದೆಯವರು ಹೊಡೆದ ಹಕ್ಕಿಗಳ ಲೆಕ್ಕ ಅದರಲ್ಲಿ ಅರ್ಧದವರೆಗೆ ಬಂದಿದೆ. ಮಾವ ಆ ಪುಟಗಳನ್ನು ಹರಿದುಹಾಕಿಲ್ಲ. ನಾನೊಮ್ಮೆ ಹರಿಯಬಾರದೇಕೆ ಎಂದಾಗ ಸಿಡುಕಿದರು. ಆ ದಿನ ಹೊತ್ತೇರಿದ ಮೇಲೆ ದಡದ ಕಲ್ಲಿನ ಮೇಲೆ ಕೂತು, ಮುಂದಿನ ಖಾಲಿ ಗೆರೆಯಲ್ಲಿ ತಾರೀಖು ಬರೆದು, ನನಗೆ ದುರ್ಬೀನು ಕೊಟ್ಟು, “ಎಡಗಡೆಯಿಂದ ಎಣಸು” ಎಂದರು.