ಕಂಪನಿ ಕೆಲಸ ಬಿಟ್ಟು ಶಾಲಾ ಶಿಕ್ಷಕರಾಗಬೇಕೆ? ಪುಣೆಯ ಭೋರ್‌ನಂಥ ತಾಲೂಕಿನಲ್ಲಿ ಏನೆಲ್ಲ ಬೇಕು, ಇಲ್ಲಿದೆ ಮಾಹಿತಿ

ಬೆಂಗಳೂರು-ಪುಣೆ ಹೆದ್ದಾರಿಯಲ್ಲಿ ಪುಣೆ ತಲುಪುವ ಮುನ್ನ ಕಾಪೂರಹೋಳ್ ಬಳಿ ಎಡಕ್ಕೆ ತಿರುಗಿದರೆ ಭೋರ್ ಸಿಗುತ್ತದೆ. 1948ರವರೆಗೆ ಇದೊಂದು ಪುಟ್ಟ ಸಂಸ್ಥಾನ. ಈಗ ಭಾಟಘರ್ ಜಲಾಶಯ, ವರಂಧಾ ಘಾಟಿಯ ದಾರಿ ಮತ್ತು ಸಹ್ಯಾದ್ರಿಯ ಮಡಿಲಲ್ಲಿ ಚದುರಿದ ಸಣ್ಣ ಹಳ್ಳಿಗಳ ತಾಲೂಕು. ಐಟಿ ನಗರಿ ಪುಣೆಯ ಅದೇ ಜಿಲ್ಲೆಗೆ ಸೇರಿದ್ದರೂ ಇಲ್ಲಿನ ಹಳ್ಳಿ ಮಕ್ಕಳ ಓದು ನಿಂತಿರುವುದು ಮುಖ್ಯವಾಗಿ ಜಿಲ್ಲಾ ಪರಿಷತ್ ಶಾಲೆಗಳ ಮೇಲೆ. ನಗರದ ಕೆಲಸಕ್ಕೆ ವಿದಾಯ ಹೇಳಿ ಇಂಥ ಕಡೆ ಪಾಠ ಮಾಡಬೇಕೆಂಬ ಆಸೆ ಅನೇಕರಿಗಿದೆ. ಆದರೆ ಆಸೆಗೂ ಕರಿಹಲಗೆಗೂ ನಡುವಿನ ದಾರಿ ಉದ್ದವಿದೆ.

ಕೋರ್ಸ್‌ಗಿಂತ ಮೊದಲು ತರಗತಿ ನಿರ್ಧರಿಸಿ

ಪದವೀಧರರು ಸಾಮಾನ್ಯವಾಗಿ ಮೊದಲು ಹುಡುಕುವುದು ಬಿ.ಎಡ್ ಸೀಟು. ಇಲ್ಲೇ ಎಡವಟ್ಟಾಗುವುದು. 1ರಿಂದ 5ನೇ ತರಗತಿಗೆ ಬಿ.ಎಡ್ ಅರ್ಹತೆಯಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ತೀರ್ಪು ನೀಡಿದೆ. ಪ್ರಾಥಮಿಕ ಶಾಲೆಗೆ ಬೇಕಿರುವುದು ಎರಡು ವರ್ಷದ ಡಿ.ಎಲ್.ಎಡ್. ಪದವಿಯ ಜೊತೆಗೆ ಬಿ.ಎಡ್ ಇದ್ದರೆ 6ನೇ ತರಗತಿಯಿಂದ ಮೇಲೆ ಕಲಿಸಬಹುದು. ಗುಡ್ಡದ ಊರಿನ ಶಾಲೆ ಹೆಚ್ಚಾಗಿ ಕಿರಿಯ ತರಗತಿಗಳದ್ದೇ. ಹೀಗಾಗಿ ಎಂಜಿನಿಯರಿಂಗ್ ಪದವಿ, ಬಿ.ಎಡ್ ಎರಡೂ ಕೈಯಲ್ಲಿದ್ದರೂ ಅಲ್ಲಿ ಬಾಗಿಲು ತೆರೆಯದು.

ನಂತರದ್ದು ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ. 150 ಅಂಕಗಳ ಈ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗದವರು ಶೇ.60 ಗಳಿಸಬೇಕು. ಒಮ್ಮೆ ಪಾಸಾದರೆ ಪ್ರಮಾಣಪತ್ರಕ್ಕೆ ಜೀವಮಾನದ ಮಾನ್ಯತೆ. ಸೇವೆಯಲ್ಲಿರುವ ಶಿಕ್ಷಕರಿಗೂ ಈಗ ಇದರಿಂದ ವಿನಾಯಿತಿ ಇಲ್ಲ. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಅವಧಿ ಇರುವವರು ಎರಡು ವರ್ಷದೊಳಗೆ ಪಾಸಾಗಬೇಕೆಂದು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಹೇಳಿದೆ.

ವಯಸ್ಸು ಕಾಯುವುದಿಲ್ಲ

ಟಿಇಟಿ ಪಾಸಾದರೆ ನೌಕರಿ ಸಿಕ್ಕಂತಲ್ಲ. ಮಹಾರಾಷ್ಟ್ರದಲ್ಲಿ ನೇಮಕಾತಿ ನಡೆಯುವುದು 'ಪವಿತ್ರ' ಪೋರ್ಟಲ್ ಮೂಲಕ. ಅದಕ್ಕೆ 200 ಅಂಕಗಳ ಟಿಎಐಟಿ ಎಂಬ ಇನ್ನೊಂದು ಪರೀಕ್ಷೆ ಬರೆಯಬೇಕು. ಇದು ಪ್ರತಿ ವರ್ಷ ನಡೆಯುವುದಿಲ್ಲ. ಮೊದಲ ಸಲ ನಡೆದದ್ದು 2017ರಲ್ಲಿ, ಆಮೇಲೆ 2023ರಲ್ಲಿ, ಮತ್ತೆ 2025ರಲ್ಲಿ. ರಾಜ್ಯ ಸರ್ಕಾರಿ ನೇಮಕಾತಿಗೆ ಸಾಮಾನ್ಯ ವರ್ಗದ ವಯೋಮಿತಿ 38, ಹಿಂದುಳಿದ ವರ್ಗಗಳಿಗೆ 43. ಮೂವತ್ತಮೂರರಲ್ಲಿ ಕೆಲಸ ಬಿಟ್ಟು ಎರಡು ವರ್ಷ ಓದಿದವರಿಗೆ ಉಳಿಯುವುದು ಮೂರು ವರ್ಷ ಮಾತ್ರ. ಅಷ್ಟರಲ್ಲಿ ಪರೀಕ್ಷೆಯೇ ಬಾರದಿದ್ದರೆ? 2017ರ ನಂತರ ಕಾದು ಕುಳಿತವರಿಗೆ ಆದದ್ದು ಅದೇ. ಹಾಗಾಗಿ ಇರುವ ಕೆಲಸದ ರಾಜೀನಾಮೆಗೆ ಅವಸರ ಪಡದಿರುವುದು ಜಾಣತನ.

ಇನ್ನೊಂದು ಮಾತು. ಭೋರ್ ತಾಲೂಕೇ ಬೇಕೆಂದು ಹಟ ಹಿಡಿಯಲಾಗದು. ಅಭ್ಯರ್ಥಿಯ ಆದ್ಯತೆ ಪುಣೆ ಜಿಲ್ಲಾ ಪರಿಷತ್‌ವರೆಗೆ ಮಾತ್ರ, ಶಾಲೆ ಹಂಚುವುದು ಪರಿಷತ್ತು.

ಮೊದಲ ಮೂರು ವರ್ಷ ₹16,000

ಸಂಸಾರಸ್ಥರು ಗಮನಿಸಬೇಕಾದ ವಿಷಯವಿದು. ಆಯ್ಕೆಯಾದವರು ಮೊದಲ ಮೂರು ವರ್ಷ 'ಶಿಕ್ಷಣ ಸೇವಕ'ರು. ಅವರಿಗೆ ಸಿಗುವುದು ವೇತನವಲ್ಲ, ಗೌರವಧನ. ಪ್ರಾಥಮಿಕ ಹಂತದಲ್ಲಿ ತಿಂಗಳಿಗೆ ₹6,000 ಇದ್ದದ್ದು 2023ರ ಜನವರಿಯಿಂದ ₹16,000 ಆಯಿತು. ಮಾಧ್ಯಮಿಕ ಹಂತದಲ್ಲಿ ₹18,000. ಅವಧಿ ಮುಗಿದ ಮೇಲೆ ಪ್ರಾಥಮಿಕ ಶಿಕ್ಷಕರ ಮೂಲ ವೇತನ ₹29,200ರಿಂದ ಶುರು, ಭತ್ಯೆಗಳು ಬೇರೆ. ಓದಿನ ಎರಡು ವರ್ಷ ಸೇರಿಸಿದರೆ ಕನಿಷ್ಠ ಐದು ವರ್ಷ ಕೈ ಬಿಗಿ ಹಿಡಿಯಬೇಕು. ಗೃಹಸಾಲದ ಕಂತು ಕಟ್ಟುತ್ತಿರುವವರಿಗೆ ಪರೀಕ್ಷೆಗಿಂತ ಈ ಲೆಕ್ಕವೇ ಕಠಿಣ.

ಶಾಲೆಯೊಳಗಿನ ಸವಾಲು ಬೇರೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಅಂದರೆ ಐದು ತರಗತಿ, ಇಬ್ಬರು ಮೇಷ್ಟ್ರು. ಒಂದನೇ ತರಗತಿಯ ಮಗು ಅಕ್ಷರ ತಿದ್ದುವಾಗಲೇ ಪಕ್ಕದ ಸಾಲಿನ ಮೂರನೇ ತರಗತಿಗೆ ಭಾಗಾಕಾರ ಹೇಳಿಕೊಡಬೇಕು. ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದೂ ಇವರದೇ ಪಾಲು. ಕಂಪನಿಯಲ್ಲಿ ತಂಡ ನಡೆಸಿದ ಅನುಭವ ಎರಡನೆಯದಕ್ಕೆ ನೆರವಾದೀತು, ಮೊದಲನೆಯದಕ್ಕೆ ಅಷ್ಟಾಗಿ ಅಲ್ಲ.

ಮೊದಲು ತರಗತಿ ಕೋಣೆ ಹೇಗಿರುತ್ತದೆಂದು ನೋಡಬಯಸುವ ಪದವೀಧರರಿಗೆ ಟೀಚ್ ಫಾರ್ ಇಂಡಿಯಾದ ಎರಡು ವರ್ಷದ ಫೆಲೋಶಿಪ್ ಒಂದು ದಾರಿ. 2009ರಲ್ಲಿ ಇದು ಶುರುವಾದದ್ದೇ ಮುಂಬೈ ಮತ್ತು ಪುಣೆಯಲ್ಲಿ. ಬಿ.ಎಡ್ ಬೇಕಿಲ್ಲ, ಆದರೆ ಕೆಲಸ ನಗರದ ಶಾಲೆಗಳಲ್ಲಿ.

ಕನ್ನಡಿಗರಿಗೆ?

ಭೋರ್‌ನ ಪರಿಷತ್ ಶಾಲೆಗಳಲ್ಲಿ ಪಾಠ ನಡೆಯುವುದು ಮರಾಠಿಯಲ್ಲಿ. ಪುಟ್ಟ ಮಕ್ಕಳ ಮುಂದೆ ಅರೆಬರೆ ಮರಾಠಿ ನಡೆಯದು. ಕನ್ನಡದಲ್ಲೇ ಕಲಿಸಬೇಕೆನ್ನುವವರು ಸೊಲ್ಲಾಪುರ, ಸಾಂಗ್ಲಿ ಜಿಲ್ಲೆಗಳ ಗಡಿ ಭಾಗದತ್ತ ನೋಡಬೇಕು. ಅಕ್ಕಲಕೋಟೆ, ಜತ್ತ ತಾಲೂಕುಗಳಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಪರಿಷತ್ ಶಾಲೆಗಳಿವೆ, ಮಹಾರಾಷ್ಟ್ರ ಟಿಇಟಿಯನ್ನು ಕನ್ನಡದಲ್ಲೂ ಬರೆಯಬಹುದು.