ಗಣಿ ಮುಚ್ಚಿದ ಊರಿನಲ್ಲಿ ಹಳೇ ಗಾಡಿಯ ಲೆಕ್ಕ

ಕೋಲಾರ ಚಿನ್ನದ ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಯಲ್ಲಿ ಮಿತವ್ಯಯ ಯಾರೋ ಬೋಧಿಸಿದ ಗುಣವಲ್ಲ, ಚರಿತ್ರೆ ಕಲಿಸಿದ ಲೆಕ್ಕ. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಗೆ ಕೈಹಾಕಿದ ಮೇಲೆ ಕಾರ್ಮಿಕರ ವಸತಿ ಸಾಲುಗಳು ಗಣಿಗಳ ಸುತ್ತಲೇ ಬೆಳೆದವು. ಕೆಲಸ ಹತ್ತಿರವಿದ್ದಾಗ ಓಡಾಟಕ್ಕೆ ಕಾಲು ಸಾಕು, ಹೆಚ್ಚೆಂದರೆ ಸೈಕಲ್ಲು. 2001ರಲ್ಲಿ ಸರ್ಕಾರಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್‌ನ (ಬಿಜಿಎಂಎಲ್) ಗಣಿಗಳು ಮುಚ್ಚಿದಾಗ ನಿಂತದ್ದು ಸಂಬಳ ಮಾತ್ರವಲ್ಲ. ಕೆಲಸವೇ ಸುಮಾರು ನೂರು ಕಿಲೋಮೀಟರ್ ಆಚೆ, ಬೆಂಗಳೂರಿಗೆ ಸರಿಯಿತು. ಸಾವಿರಾರು ಜನ ಮಾರಿಕುಪ್ಪಂ, ಊರಿಗಾಂ, ಕೋರಮಂಡಲ್ ನಿಲ್ದಾಣಗಳಿಂದ ಬಂಗಾರಪೇಟೆ ಮಾರ್ಗವಾಗಿ ದಿನವೂ ರೈಲು ಹತ್ತತೊಡಗಿದರು. ದೂರದ ದಾರಿಗೆ ತಿಂಗಳ ಪಾಸು ಇರುವಾಗ, ಗಾಡಿ ಬೇಕಾದದ್ದು ಮನೆಯಿಂದ ನಿಲ್ದಾಣದವರೆಗಿನ ತುಂಡು ದಾರಿಗೆ ಮಾತ್ರ. ಅದಕ್ಕೆ ಹೊಸ ಬೈಕಿನ ಕಂತು ಹೊರುವುದು ದಂಡ, ಹಳೇ ಗಾಡಿಯೇ ಸಾಕು.

ಹಳೇ ಗಾಡಿ ರಿಪೇರಿಯಲ್ಲೇ ಹಣ ತಿನ್ನುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಹೊಸ ಗಾಡಿಯ ಬೆಲೆ ಹೆಚ್ಚು ಕುಸಿಯುವುದು ಮೊದಲ ಕೆಲವು ವರ್ಷಗಳಲ್ಲೇ. ಆ ನಷ್ಟ ಮೊದಲ ಮಾಲೀಕನದು. ರಿಪೇರಿಯನ್ನು ಕೆಲವೊಮ್ಮೆ ಮುಂದೂಡಬಹುದು, ಕಂತನ್ನು ಮುಂದೂಡಲಾಗದು. ಹಳೇ ಗಾಡಿಯ ಈ ವಾದ ಬಡತನದ ಹೊಗಳಿಕೆಯಲ್ಲವೇ ಎನ್ನುವವರೂ ಇದ್ದಾರೆ. ಅಲ್ಲ; ಮಿತವ್ಯಯ ಉದ್ಯೋಗಕ್ಕೆ ಬದಲಿಯಲ್ಲ, ಮುಚ್ಚಿದ ಗಣಿಯ ಹೊಣೆಯನ್ನು ಸರ್ಕಾರದ ಹೆಗಲಿಂದ ಇಳಿಸುವುದೂ ಇಲ್ಲ. ಆದರೆ ಸಾಲವಿಲ್ಲದವನು ಕೆಟ್ಟ ಕೆಲಸವನ್ನು ಬಿಡಬಲ್ಲ. ಹಳೇ ಗಾಡಿ ಕೊಳ್ಳುವವರು ಮಾತ್ರ ಆರ್‌ಸಿ, ವಿಮೆ, ಬ್ರೇಕು ನೋಡಿಯೇ ಹಣ ಕೊಡಲಿ.