ಕಾರ್ನಿಯಾ ಸೋಂಕು ಮತ್ತು ಲೇಸರ್ ಚಿಕಿತ್ಸೆ: ಸಾರ್ವಜನಿಕರಿಗೆ ಮಾಹಿತಿ

ಕಾರ್ನಿಯಾ ಎಂದರೆ ಕಣ್ಣಿನ ಕಪ್ಪು ಭಾಗದ ಮೇಲಿರುವ, ಸುಮಾರು ಅರ್ಧ ಮಿ.ಮೀ. ದಪ್ಪದ ಪಾರದರ್ಶಕ ಪದರ. ಇದಕ್ಕೆ ಗಾಯವಾಗಿ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರ ಸೇರಿದಲ್ಲಿ ಹುಣ್ಣು ಉಂಟಾಗುತ್ತದೆ. ಆಯನೂರು, ಭದ್ರಾವತಿ ಮುಂತಾದ ಕೃಷಿ ಪ್ರದೇಶಗಳಲ್ಲಿ ಭತ್ತದ ಹೊಟ್ಟು, ಹುಲ್ಲು, ಕಡ್ಡಿ ತಗುಲಿ ಆಗುವ ಗಾಯವು ಇದಕ್ಕೆ ಪ್ರಮುಖ ಕಾರಣವಾಗಿದೆ.

ಲಕ್ಷಣಗಳು
ಕಣ್ಣು ಕೆಂಪಾಗುವುದು, ನೋವು, ನೀರು ಸೋರುವುದು, ಬೆಳಕನ್ನು ಸಹಿಸಲಾಗದಿರುವುದು, ದೃಷ್ಟಿ ಮಂಜಾಗುವುದು ಹಾಗೂ ಕಪ್ಪು ಭಾಗದಲ್ಲಿ ಬಿಳಿ ಚುಕ್ಕೆ ಕಾಣುವುದು.

ಲೇಸರ್‌ನಿಂದ ಸೋಂಕು ಗುಣವಾಗುವುದೇ?
ಲೇಸರ್ ಚಿಕಿತ್ಸೆಯು ಸಕ್ರಿಯ ಸೋಂಕಿಗೆ ಪ್ರಥಮ ಚಿಕಿತ್ಸೆಯಲ್ಲ. ಹುಣ್ಣಿನಿಂದ ಮಾದರಿ ತೆಗೆದು ಪರೀಕ್ಷಿಸಿ, ರೋಗಾಣುವಿಗೆ ಅನುಗುಣವಾದ ಹನಿ ಔಷಧಿ ನೀಡುವುದೇ ಮುಖ್ಯ ಚಿಕಿತ್ಸೆ. ತೀವ್ರ ಸೋಂಕಿನಲ್ಲಿ ಆರಂಭದ ದಿನಗಳಂದು ಹಗಲು ರಾತ್ರಿ ಗಂಟೆಗೊಮ್ಮೆ ಹನಿ ಹಾಕಬೇಕಾಗಬಹುದು. ಬ್ಯಾಕ್ಟೀರಿಯಾದ ಔಷಧಿಯು ಶಿಲೀಂಧ್ರಕ್ಕೆ ಫಲಕಾರಿಯಲ್ಲವಾದ್ದರಿಂದ ಪರೀಕ್ಷೆ ಅವಶ್ಯಕ.

ರೈಬೋಫ್ಲೇವಿನ್ ಹನಿ ಹಾಕಿ ನೇರಳಾತೀತ ಕಿರಣ ಹಾಯಿಸುವ 'ಕ್ರಾಸ್‌ಲಿಂಕಿಂಗ್' ವಿಧಾನವನ್ನು ಕೆಲವರು ಲೇಸರ್ ಎಂದು ಭಾವಿಸುತ್ತಾರೆ. ಅದು ಲೇಸರ್ ಅಲ್ಲ. ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಯಲ್ಲಿ ಶಿಲೀಂಧ್ರ ಹುಣ್ಣಿನ ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹನಿ ಔಷಧಿಯೊಂದಿಗೆ ಈ ವಿಧಾನವನ್ನು ಸೇರಿಸಿದ್ದರಿಂದ ಹೆಚ್ಚಿನ ಪ್ರಯೋಜನ ಕಂಡುಬಂದಿಲ್ಲ.

ಲೇಸರ್ ಯಾವಾಗ ಉಪಯುಕ್ತ?
ಹುಣ್ಣು ವಾಸಿಯಾದ ನಂತರ ಬಿಳಿ ಕಲೆ ಉಳಿಯಬಹುದು. ಇದನ್ನೇ ಆಡುಮಾತಿನಲ್ಲಿ ಕಣ್ಣಿಗೆ ಹೂ ಬೀಳುವುದು ಎನ್ನಲಾಗುತ್ತದೆ. ಕಲೆಯು ಮೇಲ್ಪದರದಲ್ಲಿ ಮಾತ್ರ ಇದ್ದಲ್ಲಿ 193 ನ್ಯಾನೋಮೀಟರ್ ತರಂಗಾಂತರದ ಎಕ್ಸೈಮರ್ ಲೇಸರ್‌ನಿಂದ ಅದನ್ನು ತೆಗೆಯಲು ಸಾಧ್ಯ. ಆಳವಾದ ಕಲೆಗೆ ದಾನಿಗಳ ನೇತ್ರದಿಂದ ಪಡೆದ ಕಾರ್ನಿಯಾದ ಕಸಿ ಬೇಕಾಗುತ್ತದೆ. ಆದ್ದರಿಂದ ಲೇಸರ್‌ಗಾಗಿ ಕಾದು ಹನಿ ಔಷಧಿಯನ್ನು ತಡಮಾಡಿದಲ್ಲಿ ದೃಷ್ಟಿಯನ್ನೇ ಕಳೆದುಕೊಳ್ಳುವ ಸಂಭವವಿದೆ.

ಎಲ್ಲಿ ಸಂಪರ್ಕಿಸಬೇಕು?
ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅದೇ ದಿನ ತೋರಿಸುವುದು. ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯ ನೇತ್ರ ವಿಭಾಗಕ್ಕೆ ಹಾಗೂ ಅವಶ್ಯವಿದ್ದಲ್ಲಿ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಗೆ ತೆರಳಬಹುದು. ಪಡಿತರ ಚೀಟಿ, ಆಧಾರ್ ಮತ್ತು ಹಿಂದಿನ ಚಿಕಿತ್ಸೆಯ ಚೀಟಿಗಳನ್ನು ಜೊತೆಯಲ್ಲಿ ತರುವುದು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ತಮ್ಮ ಚಿಕಿತ್ಸೆಗೆ ಸೌಲಭ್ಯವಿದೆಯೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಿಂದ ತಿಳಿದುಕೊಳ್ಳಬಹುದು.

ವಿಶೇಷ ಸೂಚನೆ
1. ಎದೆಹಾಲು, ಸೊಪ್ಪಿನ ರಸ ಇತ್ಯಾದಿಗಳನ್ನು ಕಣ್ಣಿಗೆ ಹಾಕಬಾರದು.
2. ವೈದ್ಯರ ಚೀಟಿಯಿಲ್ಲದೆ ಔಷಧಿ ಅಂಗಡಿಯಿಂದ ಸ್ಟೆರಾಯ್ಡ್ ಹನಿ ಪಡೆಯಬಾರದು. ಅದು ಸೋಂಕನ್ನು ಉಲ್ಬಣಗೊಳಿಸಬಹುದು.
3. ಕಣ್ಣನ್ನು ಉಜ್ಜಬಾರದು. ಕಸ ಬಿದ್ದಲ್ಲಿ ಶುದ್ಧ ನೀರಿನಿಂದ ತೊಳೆಯುವುದು.
4. ಒಕ್ಕಣೆ, ಕಟಾವಿನ ವೇಳೆ ರಕ್ಷಣಾ ಕನ್ನಡಕ ಧರಿಸುವುದು.
5. ನೋವು ಕಡಿಮೆಯಾದ ಮಾತ್ರಕ್ಕೆ ಔಷಧಿ ನಿಲ್ಲಿಸಬಾರದು.

ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.